ಸತ್ತ ಕುದುರೆಯ ಬಾಲ

ಎಲ್ಲರಿಗೂ ನಮಸ್ಕಾರ. ಆ ಮೈಕ್ ಸ್ವಲ್ಪ ಕೆಳಗಿಳಿಸಪ್ಪಾ. ಹಾಂ, ಸಾಕು.

ನನಗೆ ಕೊಟ್ಟಿರುವುದು ಇಪ್ಪತ್ತೈದು ನಿಮಿಷ. ಚೀಟಿಯಲ್ಲಿ ಬರೆದುಕೊಂಡು ಬಂದಿರುವುದು ಆರು ವಿಷಯ. ಎಷ್ಟು ಮುಗಿಯುತ್ತದೋ ನೋಡೋಣ. ಕುದುರೆ ಹಿಂದೆ ನಿಲ್ಲಬಾರದು, ಸಾಹೇಬರ ಮುಂದೆ ನಿಲ್ಲಬಾರದು ಅನ್ನುತ್ತಾರೆ. ಸರ್ಕಾರಿ ಪಶುವೈದ್ಯನಾಗಿ ಮೂವತ್ತು ವರ್ಷ ನಾನು ಎರಡೂ ಕಡೆ ನಿಂತಿದ್ದೇನೆ. ಎರಡೂ ಕಡೆ ಒದೆ ತಿಂದಿದ್ದೇನೆ.

ಇವತ್ತು ಈ ಹಾಲ್ ನೋಡಿ ನನಗೆ ಬಹಳ ಖುಷಿ. ಮುಂದಿನ ಸಾಲಿನಲ್ಲಿ ಮೈಸೂರಿನ ಟಾಂಗಾದವರು ಇದ್ದಾರೆ. ಆಚೆ ಕುಣಿಗಲ್ ಕಡೆ ಕುದುರೆ ಫಾರಂನಲ್ಲಿ ಕೆಲಸ ಮಾಡಿದವರು. ಹಿಂದೆ ರೇಸ್‌ಕೋರ್ಸ್ ಹುಡುಗರು, ಸವಾರಿ ಶಾಲೆ ನಡೆಸುವ ಹೆಣ್ಣುಮಕ್ಕಳು. ಇಷ್ಟೂ ಜನ ಒಂದೇ ಛಾವಣಿ ಕೆಳಗೆ ಕೂತಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಎಲ್ಲರ ಹತ್ತಿರ ಇರುವುದು ಅದೇ ನಾಲ್ಕು ಕಾಲಿನ ಪ್ರಾಣಿ. ಆದರೂ ಲಕ್ಷಗಟ್ಟಲೆ ಬೆಲೆಯ ಕುದುರೆ ಸಾಕುವವರು ಟಾಂಗಾದವರನ್ನು ಮಾತಾಡಿಸುವುದಿಲ್ಲ. ಟಾಂಗಾದವರು ಪಕ್ಕದ ಬೀದಿಯ ಟಾಂಗಾದವರನ್ನೂ ಮಾತಾಡಿಸುವುದಿಲ್ಲ. ನನ್ನ ಮಾತು ಇದರ ಬಗ್ಗೆಯೇ.

ಮೊದಲು ಒಂದು ಹಳೇ ಕತೆ. ನನ್ನ ಜೊತೆ ಕೆಲಸ ಮಾಡಿದವರು ಇದನ್ನು ನೂರು ಸಲ ಕೇಳಿದ್ದಾರೆ, ಕ್ಷಮಿಸಲಿ. 13ನೇ ಶತಮಾನದ ಕೊನೆಗೆ ಮಾರ್ಕೊ ಪೋಲೊ ನಮ್ಮ ದಕ್ಷಿಣಕ್ಕೆ ಬಂದಿದ್ದ, ಗೊತ್ತಲ್ಲ? ತಮಿಳುನಾಡಿನ ಕರಾವಳಿಯ ಪಾಂಡ್ಯ ರಾಜನ ವಿಷಯ ಬರೆಯುತ್ತಾನೆ. ಆ ರಾಜ ವರ್ಷಕ್ಕೆ 2,000ಕ್ಕೂ ಜಾಸ್ತಿ ಕುದುರೆ ಕೊಳ್ಳುತ್ತಿದ್ದನಂತೆ. ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ನಿಂದ, ಅರೇಬಿಯಾದ ಏಡನ್‌ನಿಂದ ಹಡಗಿನಲ್ಲಿ ಬರುತ್ತಿದ್ದವು. ಅವನ ಅಣ್ಣತಮ್ಮಂದಿರೂ ಅಷ್ಟಷ್ಟೇ ಕೊಳ್ಳುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಒಬ್ಬೊಬ್ಬರ ಹತ್ತಿರ ನೂರು ಕುದುರೆಯೂ ಉಳಿಯುತ್ತಿರಲಿಲ್ಲ! ಯಾಕೆ? ಸಾಕುವುದು ಗೊತ್ತಿರಲಿಲ್ಲ. ಬೇಯಿಸಿದ ಅನ್ನ ಹಾಕುತ್ತಿದ್ದರು, ಜೊತೆಗೆ ಮಾಂಸ. ಕುದುರೆಗೆ ಬಿರಿಯಾನಿ, ಸ್ವಾಮಿ!

ನಗಬೇಡಿ, ಮುಖ್ಯವಾದದ್ದು ಮುಂದಿದೆ. ಆ ರಾಜ್ಯದಲ್ಲಿ ಲಾಳ ಹೊಡೆಯುವವರಿರಲಿಲ್ಲ, ಕುದುರೆ ಕಾಯಿಲೆ ತಿಳಿದವರೂ ಇರಲಿಲ್ಲ. ಹಡಗಿನ ವ್ಯಾಪಾರಿಗಳು ಅಂಥವರನ್ನು ಕರೆದುಕೊಂಡು ಬರುತ್ತಿರಲಿಲ್ಲ. ಬೇರೆ ಯಾರಾದರೂ ಹೊರಟರೆ ಅವರನ್ನೂ ಬಿಡುತ್ತಿರಲಿಲ್ಲ. ಕುದುರೆ ಬದುಕಿದರೆ ಮುಂದಿನ ವರ್ಷ ಯಾರಿಗೆ ಮಾರುವುದು? ಕುದುರೆ ಮಾರಿದರು, ಕುದುರೆ ಸಾಕುವ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬಂದರು.

ನಮ್ಮ ವಿಜಯನಗರದ ಕತೆ ಇದಕ್ಕಿಂತ ಚೆಂದ. ನೂನಿಜ್ ಅಂತ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ 1535ರ ಸುಮಾರಿಗೆ ಅಲ್ಲಿದ್ದ. ಅವನು ಬರೆದ ಪ್ರಕಾರ, ಅವನಿಗಿಂತ ಮುಂಚಿನ ರಾಜ ಸಾಳುವ ನರಸಿಂಹ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದ. ಸಾವಿರ ವರಹಕ್ಕೆ ಮೂರರಂತೆ. ಸಮುದ್ರದಲ್ಲೇ ಸತ್ತರೆ ಬಾಲ ಕತ್ತರಿಸಿ ತಂದು ತೋರಿಸಿದರೆ ಆಯಿತು, ಪೂರ್ತಿ ದುಡ್ಡು. ಆಗಿನ ಕಾಲದ ಇನ್ಶೂರೆನ್ಸ್ ಅನ್ನಿ. ಇವತ್ತು ನಮ್ಮ ಟಾಂಗಾದವರು ಆಫೀಸಿಗೆ ಬಾಲ ತೆಗೆದುಕೊಂಡು ಹೋದರೆ "ಮಿಕ್ಕಿದ್ದರ ಜೆರಾಕ್ಸ್ ತಂದಿದ್ದೀರಾ" ಅಂತ ಕೇಳುತ್ತಾರೆ.

ಒಬ್ಬ ರಾಜನ ಹತ್ತಿರ ದುಡ್ಡಿತ್ತು, ತಿಳಿದವರಿರಲಿಲ್ಲ. ಇನ್ನೊಬ್ಬ ಬಾಲಕ್ಕೂ ದುಡ್ಡು ಕೊಟ್ಟ. ನಮ್ಮ ಹತ್ತಿರ ಅಷ್ಟು ದುಡ್ಡಿಲ್ಲ. ಆದರೆ ತಿಳಿದವರಿದ್ದಾರೆ. ಈ ಹಾಲಿನಲ್ಲೇ ಇದ್ದಾರೆ. ಬಾಯಿ ಬಿಡುವುದಿಲ್ಲ, ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಹೊಸತು. ದಸರಾಗೆ ಇನ್ನು ನಾಲ್ಕು ದಿನ. ರಾತ್ರಿ ಹನ್ನೊಂದಕ್ಕೆ ಒಬ್ಬರು ಸಾಬರು ಮನೆ ಬಾಗಿಲಿಗೆ ಬಂದರು. "ಡಾಕ್ಟ್ರೇ, ಕುದುರೆ ಮಲಗುತ್ತೆ, ಏಳುತ್ತೆ, ಹೊಟ್ಟೆ ತಿರುಗಿ ತಿರುಗಿ ನೋಡುತ್ತೆ." ಹೋದೆ. ಬಿಳಿ ಕುದುರೆ. ದಸರಾಗೆ ಅಂತ ಗೊರಸಿಗೆ ಎಣ್ಣೆ ಹಚ್ಚಿ ಮಿಂಚಿಸಿದ್ದರು. ಮೈಯೆಲ್ಲ ಬೆವರು. ಮುಂಗಾಲಿನಲ್ಲಿ ನೆಲ ಕೆರೆದು ಕೆರೆದು ಗುಂಡಿ ಆಗಿತ್ತು. ನಾನು ಬ್ಯಾಗ್ ತೆಗೆದು ಸ್ಟೆತಸ್ಕೋಪ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಸಾಬರ ಮಗ, ಹತ್ತು ವರ್ಷದ ಹುಡುಗ, ಕುದುರೆಯ ಹೊಟ್ಟೆಗೆ ಕಿವಿ ಇಟ್ಟ. "ಅಬ್ಬಾ, ಗುಡುಗುಡು ನಿಂತುಹೋಗಿದೆ" ಅಂದ. ಸಂಜೆಯಿಂದ ಲದ್ದಿ ಹಾಕಿಲ್ಲ ಅಂತಲೂ ಅವನೇ ಹೇಳಿದ್ದು. ನನ್ನ ಐದು ವರ್ಷದ ಓದನ್ನು ಆ ಹುಡುಗ ಅರ್ಧ ನಿಮಿಷದಲ್ಲಿ ಮುಗಿಸಿದ.

ಮೂಗಿನಿಂದ ಕೊಳವೆ ಇಳಿಸಿದೆವು. ಇಂಜೆಕ್ಷನ್ ಕೊಟ್ಟೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ನಿಮಗೆ ಗೊತ್ತು. ಒಳಗೆ ಹೋಗಿದ್ದು ಮುಂದಕ್ಕೇ ಹೋಗಬೇಕು, ಇಲ್ಲದಿದ್ದರೆ ಹೊಟ್ಟೆಯೇ ಒಡೆಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಕುದುರೆ ಹೋಯಿತು. ಏನು ಹಾಕಿದ್ದಿರಿ ಅಂತ ಕೇಳಿದೆ. ಒಂದು ಛತ್ರದಲ್ಲಿ ಮದುವೆ ಊಟ ಮಿಕ್ಕಿತ್ತಂತೆ. ಒಂದು ಬಕೆಟ್ ಅನ್ನ. ಹುರುಳಿ ದುಬಾರಿ, ಅನ್ನ ಪುಕ್ಕಟೆ.

ಬೆಳಕಾಯಿತು. ಬೀದಿಯವರು ಸೇರಿದರು. ಹಿಂದಿನ ಬೀದಿಯ ಇನ್ನೊಬ್ಬರು ಟಾಂಗಾದವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಹೋದ ವಾರ ನಮ್ಮದೂ ಹೀಗೇ ಹೋಯ್ತು ಸಾರ್. ಅದೇ ಛತ್ರದ ಅನ್ನ."

ಯಾಕ್ರೀ ಯಾರಿಗೂ ಹೇಳಲಿಲ್ಲ ಅಂದೆ. ಅವರ ಹತ್ತಿರ ಇನ್ನೊಂದು ಕುದುರೆ ಮಾರಾಟಕ್ಕಿತ್ತು. ಲಾಯಕ್ಕೆ ಕೆಟ್ಟ ಹೆಸರು ಬಂದರೆ ಯಾರು ಕೊಳ್ಳುತ್ತಾರೆ?

ನಾನು ಅವರನ್ನು ಬೈಯಲಿಲ್ಲ. ಬೈಯುವಷ್ಟು ದೊಡ್ಡವನೂ ಆಗಿರಲಿಲ್ಲ. ಆದರೆ ನೋಡಿ, ಏಡನ್‌ನ ವ್ಯಾಪಾರಿ ಲಾಭಕ್ಕೆ ಬಾಯಿ ಮುಚ್ಚಿಕೊಂಡ. ಇವರು ಭಯಕ್ಕೆ ಮುಚ್ಚಿಕೊಂಡರು. ಕುದುರೆಗೆ ಎರಡೂ ಒಂದೇ ಅಲ್ವಾ?

ಈಗ ವಿಷಯ ಎರಡು... ಅಲ್ಲ, ಮೂರು. ಗ್ಲಾಂಡರ್ಸ್. ಇದು ಮನುಷ್ಯನಿಗೂ ಬರುವ ರೋಗ. ಮೂಗಿನಲ್ಲಿ ಸೋರಿಕೆ, ಚರ್ಮದ ಮೇಲೆ ಗಂಟು, ಹುಣ್ಣು. ಒಂದೇ ತೊಟ್ಟಿಯಲ್ಲಿ ನೀರು ಕುಡಿದರೂ ಹರಡುತ್ತದೆ. ರಕ್ತ ಪರೀಕ್ಷೆ ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ. ರೋಗ ಇದೆ ಅಂತ ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು. ಪರಿಹಾರ ಇದೆ, ಆದರೆ ಕುದುರೆಯ ಬೆಲೆಯಷ್ಟಿಲ್ಲ. ಆದ್ದರಿಂದ ಜನ ಏನು ಮಾಡುತ್ತಾರೆ? ರಾತ್ರೋರಾತ್ರಿ ಬೇರೆ ಊರಿಗೆ ಮಾರುತ್ತಾರೆ. ರೋಗವೂ ಅದೇ ಲಾರಿ ಹತ್ತುತ್ತದೆ. ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕಾಯ್ದೆ ಪ್ರಕಾರ ತಿಳಿಸುವುದು ಮಾಲೀಕರ ಕರ್ತವ್ಯ, ಸರಿ. ಆದರೆ ಪರಿಹಾರ ಹೆಚ್ಚಿಸದೆ ಬರೀ ಕಾಯ್ದೆ ತೋರಿಸಿದರೆ ಬಾಯಿ ತೆರೆಯುವುದಿಲ್ಲ. ಇದನ್ನು ನಾನು ಸರ್ವಿಸ್‌ನಲ್ಲಿ ಇದ್ದಾಗಲೂ ಹೇಳಿದ್ದೆ. ಅದಕ್ಕೇ ನನಗೆ ಅಷ್ಟೊಂದು ವರ್ಗಾವಣೆ.

ಹೇಳಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಥಾಯ್ಲೆಂಡ್ ನೋಡಿ. 2020ರ ಮಾರ್ಚ್‌ನಲ್ಲಿ ನಾವೆಲ್ಲ ಕೊರೊನಾ ಅಂತ ಮನೆಯಲ್ಲಿ ಕೂತಿದ್ದಾಗ ಅಲ್ಲಿ ಕುದುರೆಗಳು ಸಾಯತೊಡಗಿದವು. ಆಫ್ರಿಕನ್ ಹಾರ್ಸ್ ಸಿಕ್‌ನೆಸ್. ಹರಡುವುದು ನುಸಿ. ನಮ್ಮ ಸೊಳ್ಳೆಪರದೆಯಲ್ಲೂ ನುಗ್ಗುವಷ್ಟು ಸಣ್ಣದು, ಮುಸ್ಸಂಜೆಗೆ, ನಸುಕಿಗೆ ಕಚ್ಚುತ್ತದೆ. 500ಕ್ಕೂ ಜಾಸ್ತಿ ಕುದುರೆ ಹೋದವು. ಅವರು ಮುಚ್ಚಿಡಲಿಲ್ಲ. ಜಗತ್ತಿಗೇ ತಿಳಿಸಿದರು. ಲಾಯಕ್ಕೆಲ್ಲ ಸಣ್ಣ ಕಣ್ಣಿನ ಬಲೆ ಕಟ್ಟಿದರು, ಕುದುರೆ ಸಾಗಿಸುವುದನ್ನು ನಿಲ್ಲಿಸಿದರು, ಲಸಿಕೆ ತರಿಸಿದರು. ರೋಗ ನಿಂತಿತು. ಅದೇ ರೋಗ 1960ರಲ್ಲಿ ಭಾರತಕ್ಕೂ ಬಂದಿತ್ತು. ಮತ್ತೆ ಬರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂತಿದೆ. ಓ, ಇದು ಹಳೇ ಚೀಟಿಯಂತೆ, ಈಗ ಐದು.

ಸರಿ, ಬೇಗ ಬೇಗ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಆರೂಕಾಲು ಲಕ್ಷ ಕುದುರೆ ಇದ್ದವು. 2019ಕ್ಕೆ 3.4 ಲಕ್ಷ. ಹೆಚ್ಚೂಕಮ್ಮಿ ಅರ್ಧ. ಕುದುರೆ ಕಮ್ಮಿಯಾದ ಹಾಗೆ ಕುದುರೆ ಗೊತ್ತಿರುವವರೂ ಕಮ್ಮಿ. ಪಶುವೈದ್ಯ ಕಾಲೇಜಿನಿಂದ ಈಗ ಬರುವ ಹುಡುಗರು ಹಸು ನೋಡಿರುತ್ತಾರೆ, ನಾಯಿ ನೋಡಿರುತ್ತಾರೆ. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ, ಇವರಿಗೆ ಕುದುರೆ ಕಂಡರೆ ಕೈನಡುಕ. ಅವರನ್ನು ಟಾಂಗಾ ಸ್ಟ್ಯಾಂಡಿಗೆ ಕಳಿಸಿ. ಎರಡು ವಾರ ಲದ್ದಿ ನೋಡಲಿ.

ಲಾಳ ಹೊಡೆಯುವವರ ಬಗ್ಗೆ ಒಂದು ಪೂರ್ತಿ ಪುಟ ಬರೆದಿದ್ದೆ. ಚುಟುಕಾಗಿ ಹೇಳುತ್ತೇನೆ. ಎಲ್ಲಾ ಲಾಯಕ್ಕೂ ಹೋಗುವವರು ಅವರೊಬ್ಬರೇ. ಗೊರಸಿನ ಮೇಲೆ ಬಳೆ ಬಳೆ ಗೀರು ಕಂಡರೆ ಕೆಲವು ತಿಂಗಳ ಹಿಂದೆ ಮೇವು ಕೆಟ್ಟಿತ್ತೋ ಜ್ವರ ಬಂದಿತ್ತೋ ಹೇಳಿಬಿಡುತ್ತಾರೆ. ನಮ್ಮ ಊರಿನ ಪೇಪರ್ ಅವರೇ. ಅವರಿಗೆ ಟೀ ಕೊಡಿ, ಸುಮ್ನೆ ಕೂರಿಸಿ ಮಾತಾಡಿಸಿ. ಹಾಗೇ ಒಂದು ಬಕೆಟ್ ನೀರು, ಸೋಪೂ ಇಡಿ. ಒಂದು ಲಾಯದ ರೋಗ ಅವರ ಕೈಯಲ್ಲೇ ಇನ್ನೊಂದಕ್ಕೆ ಹೋಗಬಾರದು.

ಮೇವು. ಬೇಸಿಗೆಗೆ ಒಬ್ಬೊಬ್ಬರೇ ಹುಲ್ಲು ಕೊಂಡರೆ ದಳ್ಳಾಳಿ ಹೇಳಿದ್ದೇ ರೇಟು. ಹತ್ತು ಜನ ಸೇರಿ ಜನವರಿಯಲ್ಲೇ ಕೊಳ್ಳಿ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಮೇವು, ಯಾರ ಹೊಲದಲ್ಲಿ ಚೆನ್ನಾಗಿ ಬರುತ್ತದೆ ಅಂತ ಕುಣಿಗಲ್ ಕಡೆಯವರನ್ನು ಕೇಳಿ. ಮೇವು ಬದಲಾಯಿಸುವುದಾದರೆ ಒಂದು ವಾರ, ಹತ್ತು ದಿನ ತೆಗೆದುಕೊಂಡು ನಿಧಾನಕ್ಕೆ ಬದಲಾಯಿಸಿ. ಹೊಸ ಕುದುರೆ ತಂದರೆ ಮೂರು ವಾರ ಬೇರೆ ಕಟ್ಟಿ, ಬೇರೆ ಬಕೆಟ್. ಧನುರ್ವಾಯು ಇಂಜೆಕ್ಷನ್ ತಪ್ಪಿಸಬೇಡಿ. ಐದನೆಯದು ಲೆಕ್ಕದ ಪುಸ್ತಕದ ವಿಷಯ, ಬಿಟ್ಟುಬಿಡುತ್ತೇನೆ. ಆರನೆಯದು ನನಗೇ ಓದಲು ಆಗುತ್ತಿಲ್ಲ.

ಬಾಗಿಲ ಹತ್ತಿರ ನೀಲಿ ಶರ್ಟಿನ ಹುಡುಗ ನಿಂತಿದ್ದಾನೆ ನೋಡಿ. ಹೊಟ್ಟೆಗೆ ಕಿವಿ ಇಟ್ಟ ಹುಡುಗನ ಮಗ. ಅವನ ಹತ್ತಿರ ನಿಮ್ಮ ನಂಬರ್ ಬರೆಸಿ, ವಾಟ್ಸಾಪ್ ಗ್ರೂಪ್ ಮಾಡುತ್ತಾನೆ. ಅದರಲ್ಲಿ ಗುಡ್ ಮಾರ್ನಿಂಗ್ ಹೂವು ಹಾಕಿದವರನ್ನು ಅವನು ತೆಗೆದುಹಾಕುತ್ತಾನೆ, ಅಧಿಕಾರ ನಾನೇ ಕೊಟ್ಟಿದ್ದೇನೆ. ಯಾರ ಕುದುರೆ ಏನು ತಿಂತು, ಯಾವಾಗ ಮಲಗಿತು, ಜ್ವರ ಎಷ್ಟಿತ್ತು, ಅಷ್ಟು ಹಾಕಿದರೆ ಸಾಕು. ಸತ್ತಿದ್ದರೆ ಸತ್ತಿತು ಅಂತ ಹಾಕಿ. ಹೆಸರು ಹಾಕಲು ಸಂಕೋಚವಾದರೆ ನನಗೆ ಫೋನ್ ಮಾಡಿ, ನಾನು ಹೆಸರಿಲ್ಲದೆ ಹಾಕುತ್ತೇನೆ.

ಊಟ ಮೇಲಿನ ಮಹಡಿಯಲ್ಲಿದೆಯಂತೆ. ಇನ್ನೂರು ಜನಕ್ಕೆ ಮಾಡಿಸಿದ್ದಾರೆ, ನಾವು ನೂರಿಪ್ಪತ್ತು ಜನ ಇದ್ದೇವೆ. ಅನ್ನ ಮಿಕ್ಕೇ ಮಿಕ್ಕುತ್ತದೆ. ಟಾಂಗಾದವರೇ, ದಯವಿಟ್ಟು ಬಕೆಟ್ ತರಬೇಡಿ.