ಮುಂದಿನ ವಾರ ನೆನಪಿತ್ತಾ?

ಕೇಳುಗರಿಗೆ ನಮಸ್ಕಾರ. ಸ್ಟಾರ್ ಟ್ರೆಕ್ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಸಾಕು, ಜಗಳ ಶುರು. ಯಾವ ಎಪಿಸೋಡ್ ಚೆನ್ನ, ಯಾವುದು ಸುಮ್ನೆ ದಂಡ ಅಂತ. ಇವತ್ತು ಎದುರು ವಾದ ಮಾಡುವವರು ಯಾರೂ ಇಲ್ಲದ ಕಡೆ ನನಗೆ ಮೈಕು ಸಿಕ್ಕಿದೆ. ಬಿಡುತ್ತೇನೆಯೇ?

ನಾನು ಹೇಳುತ್ತಿರುವುದು 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಬಗ್ಗೆ. 1987ರಿಂದ 1994ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಸರಣಿ. ಏಳು ಸೀಸನ್, 178 ಎಪಿಸೋಡ್. ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆ, ಅದಕ್ಕೆ ಪಿಕಾರ್ಡ್ ಎಂಬ ಕ್ಯಾಪ್ಟನ್. ಆ ಪಾತ್ರ ಮಾಡಿದವರು ಪ್ಯಾಟ್ರಿಕ್ ಸ್ಟೀವರ್ಟ್.

ಆಗಿನ ಟಿವಿ ಸರಣಿಗಳಲ್ಲಿ ಸಾಮಾನ್ಯವಾಗಿ ಆ ವಾರದ ಕತೆ ಆ ವಾರಕ್ಕೇ ಮುಗಿಯಬೇಕಿತ್ತು. ಒಂದು ವಾರ ತಪ್ಪಿಸಿಕೊಂಡವರಿಗೂ ಮುಂದಿನದು ಅರ್ಥವಾಗಬೇಕು, ಅಲ್ವಾ? ಹಾಗಾಗಿ ಈ ವಾರ ಲೋಕವೇ ಮುಳುಗಿದರೂ ಮುಂದಿನ ವಾರ ಎಲ್ಲರೂ ಇಸ್ತ್ರಿ ಮಾಡಿದ ಯೂನಿಫಾರ್ಮ್‌ನಲ್ಲಿ ನಗುತ್ತಾ ನಿಂತಿರುತ್ತಾರೆ. ನನ್ನ ಅಳತೆಗೋಲು ಇದೇ. ಬಿದ್ದ ಪೆಟ್ಟನ್ನು ಈ ಸರಣಿ ನೆನಪಿಟ್ಟುಕೊಂಡಾಗಲೆಲ್ಲ ಅದು ಬೇರೆಯದೇ ಎತ್ತರಕ್ಕೆ ಹೋಗುತ್ತದೆ.

ಅನೇಕರ ಪಟ್ಟಿಯಲ್ಲಿ ಮೊದಲಿಗೆ ಬರುವುದು 1990ರ 'ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್'. ಎರಡು ಭಾಗದ ಕತೆ. ಬೋರ್ಗ್ ಎಂಬ ಶತ್ರುಗಳು ಪಿಕಾರ್ಡ್‌ನನ್ನು ಹಿಡಿದು, ಅರ್ಧ ಯಂತ್ರ ಮಾಡಿ, ಅವನ ಬುದ್ಧಿಯನ್ನೇ ಅವನ ಜನರ ವಿರುದ್ಧ ಬಳಸುತ್ತಾರೆ. ಅವನ ಸಹಾಯಕ ರೈಕರ್, ತನ್ನ ಕ್ಯಾಪ್ಟನ್ ಇರುವ ನೌಕೆಯ ಮೇಲೆಯೇ ಗುಂಡು ಹಾರಿಸಲು ಆಜ್ಞೆ ಕೊಡುತ್ತಾನೆ. ಅಲ್ಲಿಗೆ ಕಟ್! ಜೂನ್‌ನಲ್ಲಿ ಹೀಗೆ ನಿಲ್ಲಿಸಿ, ಉಳಿದದ್ದನ್ನು ಸೆಪ್ಟೆಂಬರ್‌ನಲ್ಲಿ ತೋರಿಸಿದರು. ಮೊದಲ ಭಾಗಕ್ಕೆ ಎರಡು ಮಾತಿಲ್ಲ. ಎರಡನೆಯದು ನನಗೆ ಅಷ್ಟಕ್ಕಷ್ಟೇ. 39 ನೌಕೆಗಳನ್ನು ಪುಡಿ ಮಾಡಿದ ಶತ್ರುವನ್ನು ಕೊನೆಗೆ ಏನು ಮಾಡಿದರು? ನಿದ್ದೆ ಮಾಡಿಸಿದರು!

ಆದರೆ ಅದರ ಮರುವಾರ ಬಂದದ್ದು 'ಫ್ಯಾಮಿಲಿ'. ರೊನಾಲ್ಡ್ ಮೂರ್ ಬರೆದದ್ದು. ಚೇತರಿಸಿಕೊಂಡ ಪಿಕಾರ್ಡ್ ಫ್ರಾನ್ಸಿನಲ್ಲಿರುವ ತನ್ನ ಊರಿಗೆ, ದ್ರಾಕ್ಷಿ ತೋಟ ನೋಡಿಕೊಂಡಿರುವ ಅಣ್ಣನ ಮನೆಗೆ ಹೋಗುತ್ತಾನೆ. ಅಣ್ಣ ಮಹಾ ಸಿಡುಕ. ಮಾತಿಗೆ ಮಾತು ಬೆಳೆದು ಇಬ್ಬರೂ ಕೆಸರಿನಲ್ಲಿ ಬಿದ್ದು ಹೊಡೆದಾಡುತ್ತಾರೆ. ಹೊಡೆದಾಡಿ ನಗುತ್ತಾರೆ. ನಗುತ್ತಾ ನಗುತ್ತಾ ಪಿಕಾರ್ಡ್ ಅಳಲು ಶುರು ಮಾಡುತ್ತಾನೆ. ಬೋರ್ಗ್‌ಗಳನ್ನು ತಡೆಯುವ ಶಕ್ತಿ ತನಗಿರಬೇಕಿತ್ತು, ಇರಲಿಲ್ಲ ಎಂದು ಬಿಕ್ಕುತ್ತಾನೆ. ಅಣ್ಣ ಸಮಾಧಾನದ ಸುಳ್ಳು ಹೇಳುವುದಿಲ್ಲ. ಇನ್ನು ಬಹಳ ಕಾಲ ನೀನು ಇದರ ಜೊತೆಗೇ ಬದುಕಬೇಕು ಎನ್ನುತ್ತಾನೆ.

ಇದರಲ್ಲಿ ಶತ್ರು ಇಲ್ಲ, ಯುದ್ಧ ಇಲ್ಲ. ನೌಕೆಯ ಚಾಲನಾ ಕೋಣೆಯನ್ನೂ ತೋರಿಸುವುದಿಲ್ಲ. ಕೆಲವರು ಬೋರು ಎನ್ನುತ್ತಾರೆ. ಇರಲಿ. ನಾನಂತೂ ಇದನ್ನು ಆ ದೊಡ್ಡ ಯುದ್ಧಕ್ಕಿಂತ ಮೇಲೆ ಇಡುತ್ತೇನೆ. ಯುದ್ಧವನ್ನು ಯಾರಾದರೂ ತೋರಿಸಬಹುದು. ಗೆದ್ದ ಮೇಲೂ ಅಳುವ ನಾಯಕನನ್ನು ಆಗಿನ ಟಿವಿಯಲ್ಲಿ ತೋರಿಸಲು ಗುಂಡಿಗೆ ಬೇಕಿತ್ತು.

ಈಗ ಎಲ್ಲರ ಮುದ್ದಿನ 'ದಿ ಇನ್ನರ್ ಲೈಟ್'ಗೆ ಬರುತ್ತೇನೆ. 1992ರದ್ದು. ಮರುವರ್ಷ, ವೈಜ್ಞಾನಿಕ ಕಲ್ಪನೆಯ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ಸಾವಿರ ವರ್ಷದ ಹಿಂದೆ ನಾಶವಾದ ಒಂದು ಗ್ರಹದ ಯಂತ್ರ ಪಿಕಾರ್ಡ್‌ನ ಮನಸ್ಸನ್ನು ಹಿಡಿದುಕೊಳ್ಳುತ್ತದೆ. ಅವನು ಅಲ್ಲಿಯ ಮನುಷ್ಯನಾಗಿ ಹೆಂಡತಿಯೊಡನೆ ಸಂಸಾರ ಮಾಡುತ್ತಾನೆ, ಮಕ್ಕಳಾಗುತ್ತವೆ, ಹೆಂಡತಿ ತೀರಿಕೊಳ್ಳುತ್ತಾಳೆ, ಮೊಮ್ಮಗನನ್ನು ಆಡಿಸುವಷ್ಟು ಮುದುಕನಾಗುತ್ತಾನೆ. ಎಚ್ಚರವಾದಾಗ ನೌಕೆಯಲ್ಲಿ ಕಳೆದಿರುವುದು ಅರ್ಧ ಗಂಟೆಯೂ ಅಲ್ಲ. ಅಲ್ಲಿ ನುಡಿಸಲು ಕಲಿತ ಕೊಳಲೊಂದು ಮಾತ್ರ ಕೈಗೆ ಬರುತ್ತದೆ.

ಸ್ಟೀವರ್ಟ್ ಅಭಿನಯಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ನನ್ನ ತಕರಾರು ಮುಂದಿನ ವಾರದ್ದು. ಒಂದು ಇಡೀ ಜನ್ಮ ಕಳೆದು ಬಂದವನು ಏನೂ ಆಗದವನ ಹಾಗೆ ಕೆಲಸಕ್ಕೆ ಹಾಜರ್! ನನಗೆ ಇದು ಇವತ್ತಿಗೂ ಅರಗಿಲ್ಲ. ಕೊಳಲಿಗೆ ನ್ಯಾಯ ಸಿಕ್ಕಿದ್ದು 1993ರ 'ಲೆಸನ್ಸ್'ನಲ್ಲಿ. ಪಿಕಾರ್ಡ್ ತಾನು ಪ್ರೀತಿಸುವ ವಿಜ್ಞಾನಿಗೆ ಆ ಕೊಳಲಿನ ಕತೆ ಹೇಳುತ್ತಾನೆ. ನಾದ ಚೆನ್ನಾಗಿ ಕೇಳಿಸುತ್ತದೆಂದು ಇಬ್ಬರೂ ರಿಪೇರಿ ಕೆಲಸದ ಇಕ್ಕಟ್ಟು ಸುರಂಗದೊಳಗೆ ಕೂತು ನುಡಿಸುತ್ತಾರೆ. ಎಪಿಸೋಡ್ ಸಾಧಾರಣ. ಆ ದೃಶ್ಯಗಳಿಗಾಗಿ ಉಳಿದದ್ದೆಲ್ಲ ಮಾಫಿ.

ಡೇಟಾನನ್ನು ಬಿಟ್ಟರೆ ಅವನ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ಬ್ರೆಂಟ್ ಸ್ಪೈನರ್ ಮಾಡಿದ ಪಾತ್ರ, ಮನುಷ್ಯರೂಪದ ಯಂತ್ರ. 1989ರ 'ದಿ ಮೆಷರ್ ಆಫ್ ಎ ಮ್ಯಾನ್'ನಲ್ಲಿ ಅವನನ್ನು ಬಿಚ್ಚಿ ನೋಡಬಹುದೇ, ಅವನು ಬರೀ ಆಸ್ತಿಯೇ ಎಂದು ವಿಚಾರಣೆ ನಡೆಯುತ್ತದೆ. ಗೆಳೆಯ ರೈಕರ್‌ನೇ ಬಲವಂತದಿಂದ ಅವನ ವಿರುದ್ಧ ವಾದಿಸಬೇಕು. ದಾಖಲೆ ಹುಡುಕುವಾಗ ಡೇಟಾನನ್ನು ಆಫ್ ಮಾಡುವ ಸ್ವಿಚ್ಚಿನ ವಿಷಯ ಸಿಗುತ್ತದೆ. ಗೆಲ್ಲುವ ದಾರಿ ಸಿಕ್ಕಿತೆಂದು ಒಂದು ಕ್ಷಣ ರೈಕರ್‌ನ ಮುಖ ಅರಳುತ್ತದೆ. ಮರುಕ್ಷಣ ಇಳಿದುಹೋಗುತ್ತದೆ. ಒಂದು ಮಾತೂ ಇಲ್ಲ. ಮರುವರ್ಷ 'ದಿ ಆಫ್‌ಸ್ಪ್ರಿಂಗ್'ನಲ್ಲಿ ಡೇಟಾ ಮಗಳೊಬ್ಬಳನ್ನು ತಾನೇ ನಿರ್ಮಿಸುತ್ತಾನೆ. ಅಧಿಕಾರಿಗಳು ಅವಳನ್ನು ಕಿತ್ತುಕೊಳ್ಳಲು ಬರುತ್ತಾರೆ. ವಿಚಾರಣೆಯಲ್ಲಿ ಗೆದ್ದ ಹಕ್ಕು ಎಷ್ಟು ಗಟ್ಟಿ ಎಂದು ಇಲ್ಲಿ ಮತ್ತೆ ಒರೆಗೆ ಹಚ್ಚುತ್ತಾರೆ.

ತಮಾಷೆ ಏನು ಗೊತ್ತಾ? ಪೂರ್ತಿ ನೆನಪಿನ ಮೇಲೆಯೇ ನಿಂತ ಎಪಿಸೋಡೇ ಎಲ್ಲಕ್ಕಿಂತ ಕಳಪೆ. ಎರಡನೇ ಸೀಸನ್ನಿನ ಕೊನೆಯ 'ಶೇಡ್ಸ್ ಆಫ್ ಗ್ರೇ'. ರೈಕರ್ ಕಾಯಿಲೆ ಬಿದ್ದು ಮಲಗುತ್ತಾನೆ, ಹಳೆಯ ಎಪಿಸೋಡುಗಳ ತುಣುಕುಗಳು ಒಂದರ ಹಿಂದೆ ಒಂದು ಬರುತ್ತವೆ. ಹಣವೂ ಸಮಯವೂ ಉಳಿಯಿತು, ಅಷ್ಟೇ.

ಹೊಸದಾಗಿ ನೋಡುವವರಿಗೆ ನನ್ನ ಸಲಹೆ ಇದು. ಮೊದಲ ಸೀಸನ್ನಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಡೇಟಾನ ವಿಚಾರಣೆಯಿಂದ ಶುರು ಮಾಡಿ. ಬೋರ್ಗ್ ಕತೆಯ ಎರಡೂ ಭಾಗ ನೋಡಿದ ದಿನವೇ 'ಫ್ಯಾಮಿಲಿ'ಯನ್ನೂ ನೋಡಿಬಿಡಿ. 'ದಿ ಇನ್ನರ್ ಲೈಟ್' ಆದಮೇಲೆ ಮಧ್ಯೆ ಬರುವುದನ್ನೆಲ್ಲ ಹಾರಿಸಿ ನೇರ 'ಲೆಸನ್ಸ್'ಗೆ ಹೋಗಿ. ಸರಣಿಯನ್ನು ವರಸೆಯಾಗಿ ನೋಡಬೇಕು ಎನ್ನುವವರು ಬೈಯುತ್ತಾರೆ, ಬೈಯಲಿ. ನಮಸ್ಕಾರ.