ಲಂಡನ್ನಿನಲ್ಲಿ ಹುಟ್ಟಿದ ಮೊಮ್ಮಗ

ಕೇಳುಗರಿಗೆ ನಮಸ್ಕಾರ.

ಹನುಮಂತನಗರದಲ್ಲಿ ನಮ್ಮ ಎದುರುಮನೆ ರಾಯರು ಒಂದು ಭಾನುವಾರ ಬೆಳಿಗ್ಗೆ ಗೇಟಿನಿಂದಲೇ ಕೂಗಿದರು. "ಮೊಮ್ಮಗ ಹುಟ್ಟಿದಾನಮ್ಮಾ! ಲಂಡನ್ನಿನಲ್ಲಿ! ಬ್ರಿಟಿಷ್ ಸಿಟಿಜನ್!" ಕೈಯಲ್ಲಿ ಮೈಸೂರು ಪಾಕಿನ ಡಬ್ಬ. ಇಡೀ ರಸ್ತೆಗೆ ಹಂಚಿದರು. ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡು ಸುಮ್ಮನಾದೆ. ಸಂತೋಷದ ಹೊತ್ತಿನಲ್ಲಿ ಯಾರಾದರೂ ಕಾನೂನು ಹೇಳುತ್ತಾರಾ?

ಹತ್ತು ದಿನ ಬಿಟ್ಟು ಸಂಜೆ ಅದೇ ರಾಯರು ಮತ್ತೆ ಬಂದರು. ಈ ಸಲ ಕೈಯಲ್ಲಿ ಡಬ್ಬ ಇರಲಿಲ್ಲ. ಪ್ರಿಂಟ್ ತೆಗೆಸಿದ ಕಾಗದದ ಕಟ್ಟು ಇತ್ತು. ಮಗಳು ಹೊರಡುವ ಮುಂಚೆ ಮಾಡಿಸಿದ್ದ ಪ್ರಯಾಣ ವಿಮೆಯ ಪಾಲಿಸಿ. ನಾನು ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತಿಯಾದವಳು. ಹಾಗಾಗಿ ಬೀದಿಯವರ ಪಾಲಿಸಿಗಳೆಲ್ಲ ಕೊನೆಗೆ ನಮ್ಮ ಮನೆ ಊಟದ ಮೇಜಿಗೇ ಬಂದು ಬೀಳುತ್ತವೆ.

ಆಗಿದ್ದು ಇಷ್ಟು. ರಾಯರ ದೊಡ್ಡ ಮಗಳು ಲಂಡನ್ನಿನಲ್ಲಿ ಮನೆ ಕೊಂಡಳು. ಗೃಹಪ್ರವೇಶಕ್ಕೆ ತಂಗಿ ಬರಲೇಬೇಕು ಎಂದಳು. ತಂಗಿಗೆ ಏಳನೇ ತಿಂಗಳು. ಡಾಕ್ಟರು ನೋಡಿ, ಎಲ್ಲ ಸರಿಯಿದೆ ಎಂದು ಪತ್ರ ಕೊಟ್ಟರು. ಮೂರು ವಾರ ಇದ್ದು ವಾಪಸ್ ಬರುವುದು, ಬಂದ ಮೇಲೆ ಇಲ್ಲಿ ಸೀಮಂತ. ಹಾಲ್ ಕೂಡ ಬುಕ್ ಆಗಿತ್ತು. ಅಲ್ಲಿಂದ ವಾಪಸ್ ಹೊರಡಲು ಎರಡು ದಿನ ಇದೆ ಎನ್ನುವಾಗ ನೋವು ಶುರುವಾಯಿತು. 32ನೇ ವಾರ. ಸೀಮಂತಕ್ಕೆ ಮುಂಚೆ ಮಗುವೇ ಬಂದುಬಿಟ್ಟಿತು.

ಪಾಲಿಸಿ ಓದಿದೆ. ಇಪ್ಪತ್ತಕ್ಕೂ ಜಾಸ್ತಿ ಪುಟ. ಕ್ಲೇಮ್ ವಿಭಾಗದವರು ಪಾಲಿಸಿಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಏನು ಕೊಡುತ್ತೇವೆ ಅನ್ನುವುದು ಮುಂದೆ ದೊಡ್ಡ ಅಕ್ಷರದಲ್ಲಿ ಇರುತ್ತದೆ, ಏನು ಕೊಡುವುದಿಲ್ಲ ಅನ್ನುವುದು ಹಿಂದೆ ಸಾಸಿವೆ ಕಾಳಿನ ಗಾತ್ರದಲ್ಲಿ ಇರುತ್ತದೆ. ಅಲ್ಲಿ ಸಿಕ್ಕಿತು ಸಾಲು. ಬಸಿರು, ಹೆರಿಗೆ ಮತ್ತು ಅದರಿಂದ ಬರುವ ಯಾವುದೇ ತೊಂದರೆಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಎರಡು ಪುಟ ಹಿಂದೆಯೇ ತುರ್ತು ಹಲ್ಲುನೋವಿಗೆ ದುಡ್ಡು ಕೊಡುತ್ತೇವೆ ಎಂದಿತ್ತು. ರಾಯರು ಅದರ ಮೇಲೆ ಹೆಬ್ಬೆರಳಿಟ್ಟು ಕೇಳಿದರು: "ಹಲ್ಲಿಗೆ ಉಂಟು, ಮಗುವಿಗೆ ಇಲ್ಲವೇನಮ್ಮಾ?"

ಇಲ್ಲ ರಾಯರೇ. ಬಹುತೇಕ ಪ್ರಯಾಣ ವಿಮೆಗಳು ಹೀಗೇ ಇರುತ್ತವೆ. ಕೆಲವು ಕಡೆ ತಾಯಿಯ ಜೀವಕ್ಕೇ ಅಪಾಯ ಬಂದರೆ ಅಷ್ಟೋ ಇಷ್ಟೋ ಕೊಡುತ್ತಾರೆ. ಆದರೆ ಮಗುವಿನ ಮಾತೇ ಬೇರೆ. ಪಾಲಿಸಿ ಇರುವುದು ಹೆಸರು ಬರೆಸಿದವರಿಗೆ. ಪಾಲಿಸಿ ಮಾಡಿಸಿದ ದಿನ ಮಗು ಹುಟ್ಟಿರಲೇ ಇಲ್ಲ, ಹೆಸರು ಎಲ್ಲಿಂದ ಬರಬೇಕು? ಅವಧಿಗೆ ಮುಂಚೆ ಹುಟ್ಟಿದ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಮಲಗುವ ಒಂದೊಂದು ದಿನವೂ ಪ್ರತ್ಯೇಕ ಲೆಕ್ಕ. ರಾಯರ ಮನೆಯಲ್ಲಿ ತಾಯಿಯ ಬಿಲ್ಲಿಗಿಂತ ಮಗುವಿನ ಬಿಲ್ಲೇ ದೊಡ್ಡದಾಯಿತು.

ಬ್ರಿಟನ್ನಿನಲ್ಲಿ ಆಸ್ಪತ್ರೆ ಫ್ರೀ ಅಲ್ವಾ ಎಂದು ತುಂಬಾ ಜನ ನನ್ನನ್ನು ಕೇಳಿದ್ದಾರೆ. ಅಲ್ಲಿ ವಾಸವಾಗಿರುವವರಿಗೆ ಫ್ರೀ. ವೀಸಾ ಜೊತೆಗೆ ಆರೋಗ್ಯದ ಶುಲ್ಕ ಕಟ್ಟಿ ಕೆಲಸಕ್ಕೋ ಓದಿಗೋ ಹೋದವರಿಗೂ ನಡೆಯುತ್ತದೆ. ನೋಡಿಬರಲು ಹೋದವರಿಗೆ ಇಲ್ಲ. ಅವರಿಗೆ ಸರ್ಕಾರಿ ದರದ ಒಂದೂವರೆ ಪಟ್ಟು, ಅಂದರೆ ಶೇಕಡಾ 150. ತೊಡಕಿಲ್ಲದ ಹೆರಿಗೆಗೇ ಏಳು ಸಾವಿರ ಪೌಂಡಿನ ಆಸುಪಾಸು ಆಗುತ್ತದೆ. ನಮ್ಮ ರೂಪಾಯಿಯಲ್ಲಿ ಏಳೆಂಟು ಲಕ್ಷ. ಒಂದು ಒಳ್ಳೆಯ ವಿಷಯ ಹೇಳಲೇಬೇಕು. ಮೊದಲು ದುಡ್ಡು ಕಟ್ಟಿ, ಆಮೇಲೆ ಹೆರಿಗೆ ಎಂದು ಅಲ್ಲಿ ಯಾರೂ ಹೇಳುವಂತಿಲ್ಲ. ಹೆರಿಗೆಯನ್ನು ತಡಮಾಡಬಾರದ ಚಿಕಿತ್ಸೆ ಎಂದೇ ನಿಯಮ ನೋಡುತ್ತದೆ. ಆರೈಕೆಯನ್ನು ಚೆನ್ನಾಗಿಯೇ ಮಾಡಿದರು ಎಂದು ಮಗಳು ಹೇಳಿದಳಂತೆ. ಮೂರನೇ ದಿನ ಒಬ್ಬ ಹೆಂಗಸು ಮಂಚದ ಪಕ್ಕ ಕೂತು, ನಗುನಗುತ್ತಲೇ ಒಂದು ಫಾರಂ ತುಂಬಿಸಿಕೊಂಡು ಹೋದರು. ಬಿಲ್ಲು ಅದರ ಹಿಂದೆಯೇ ಬಂತು.

ಕಟ್ಟದೆ ವಿಮಾನ ಹತ್ತಿದರೆ? ಇದನ್ನು ರಾಯರ ಅಳಿಯ ಮೆಲ್ಲಗೆ ಕೇಳಿದ. 500 ಪೌಂಡಿಗಿಂತ ಜಾಸ್ತಿ ಬಾಕಿ ಎರಡು ತಿಂಗಳು ಉಳಿದರೆ ಆಸ್ಪತ್ರೆಯವರು ಅಲ್ಲಿನ ಗೃಹ ಇಲಾಖೆಗೆ ತಿಳಿಸುತ್ತಾರೆ. ಮುಂದಿನ ಸಲ ವೀಸಾ ಕೇಳಿದಾಗ ಅದೇ ಎದುರು ಬಂದು ನಿಲ್ಲುತ್ತದೆ. ಅದಕ್ಕಿಂತ, ಕಂತು ಮಾಡಿಕೊಡಿ ಎಂದು ಕೇಳಿಬಿಡುವುದು ಒಳ್ಳೆಯದು. ಕೇಳಿದರೆ ಮಾಡಿಕೊಡುತ್ತಾರೆ. ರಾಯರ ಮನೆಯವರು ಹಾಗೇ ಮಾಡಿದರು.

ಇನ್ನು ಬ್ರಿಟಿಷ್ ಸಿಟಿಜನ್ ವಿಷಯ. ಇದನ್ನು ರಾಯರಿಗೆ ಹೇಳುವಾಗ ನನಗೇ ಕಷ್ಟವಾಯಿತು. 1983ರ ಜನವರಿ 1ರಿಂದ ಬ್ರಿಟನ್ನಿನ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಾದರೂ ಅಲ್ಲಿನ ಪ್ರಜೆ ಆಗಿರಬೇಕು, ಇಲ್ಲವೇ ಅಲ್ಲಿ ಕಾಯಂ ಆಗಿ ಇರುವ ಹಕ್ಕು ಪಡೆದಿರಬೇಕು. "ದೊಡ್ಡವಳಿಗೆ ಪಿಆರ್ ಇದೆಯಲ್ಲಮ್ಮಾ" ಎಂದರು ರಾಯರು. ದೊಡ್ಡಮ್ಮನ ಪಿಆರ್, ಅಂದರೆ ಆ ಕಾಯಂ ಹಕ್ಕು, ಮಗುವಿಗೆ ಬರುವುದಿಲ್ಲ. ಅವರು ಸ್ವಲ್ಪ ಹೊತ್ತು ನಮ್ಮ ಗೋಡೆ ಕ್ಯಾಲೆಂಡರ್ ನೋಡುತ್ತಾ ಕೂತರು. ಆಮೇಲೆ ಕೇಳಿದರು: "ಹಾಗಾದರೆ ಅದು ಯಾವ ದೇಶದ ಮಗು?"

ಒಳ್ಳೆಯ ಪ್ರಶ್ನೆ. ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ಎಲ್ಲರೂ ಆ ದೇಶ ಏನು ಕೊಡುತ್ತದೆ ಎಂದು ಕೇಳುತ್ತಾರೆ, ನಮ್ಮ ದೇಶದಲ್ಲಿ ಏನು ಮಾಡಿಸಬೇಕು ಎಂದು ಕೇಳುವುದಿಲ್ಲ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ನಮ್ಮ ಪೌರತ್ವ ತಾನಾಗಿ ಬಂದು ಕೂರುವುದಿಲ್ಲ. 2004ರ ಡಿಸೆಂಬರ್ 3ರಿಂದ ಇರುವ ನಿಯಮ ಇದು: ಹುಟ್ಟಿದ ಒಂದು ವರ್ಷದ ಒಳಗೆ ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಅಪ್ಪ ಅಮ್ಮ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ರಾಯರ ಮಗಳು ಮೊದಲು ಅಲ್ಲಿನ ರಿಜಿಸ್ಟ್ರಾರ್ ಹತ್ತಿರ ಹೋದಳು. ಇಂಗ್ಲೆಂಡಿನಲ್ಲಿ 42 ದಿನದೊಳಗೆ ಜನನ ಬರೆಸಬೇಕು. ಮದುವೆಯಾದವಳಾದ್ದರಿಂದ ಒಬ್ಬಳೇ ಹೋಗಿ ಗಂಡನ ಹೆಸರನ್ನೂ ಬರೆಸಿ ಬಂದಳು. ಆಮೇಲೆ ನಮ್ಮ ಹೈಕಮಿಷನ್ನಿನ, ಅಂದರೆ ಲಂಡನ್ನಿನಲ್ಲಿರುವ ನಮ್ಮ ರಾಯಭಾರ ಕಚೇರಿಯ ಕೆಲಸ. ಗಂಡ ಇರುವುದು ಬೆಂಗಳೂರಿನಲ್ಲಿ, ಅವನ ಸಹಿ ಬೇಕು, ಪಾಸ್‌ಪೋರ್ಟಿನ ನಕಲು ಬೇಕು. ಕೊರಿಯರ್ ಓಡಾಡಿತು. ಬಾಣಂತಿ ಬೆಚ್ಚಗೆ ಮಲಗಬೇಕಾದ ದಿನಗಳಲ್ಲಿ ಕೂಸನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಅದು ಕಣ್ಣು ಬಿಡಲಿ ಎಂದು ಫೋನ್ ಹಿಡಿದು ಕಾಯುತ್ತಿದ್ದಳು. ಪಾಸ್‌ಪೋರ್ಟಿಗೆ ಫೋಟೋ ಬೇಕಲ್ಲ.

ಈಗ ನೀವು ಕೇಳಬಹುದು, ಅಮೆರಿಕದಲ್ಲಿ ಹಾಗಲ್ಲವಲ್ಲ ಎಂದು. ನಿಜ. ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಬಂದ 14ನೇ ತಿದ್ದುಪಡಿ, ಆ ನೆಲದಲ್ಲಿ ಹುಟ್ಟಿದವರು ಪ್ರಜೆಗಳು ಎನ್ನುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನಾದ ತಂದೆ ತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನ ಮೊಕದ್ದಮೆಯಲ್ಲಿ 1898ರಲ್ಲಿ ಅವರ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ತಾಯಿ ಪ್ರವಾಸ, ಓದು, ಕೆಲಸ ಇಂಥ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಎಂದಾದರೆ ಮಗುವಿಗೆ ಪೌರತ್ವ ಇಲ್ಲ ಎನ್ನುವ ಆದೇಶ. ಮೂವತ್ತು ದಿನದ ಗಡುವು ಇತ್ತು. ಅದಕ್ಕೂ ಮುಂಚೆ ಸಿಸೇರಿಯನ್ ಮಾಡಿಬಿಡಿ ಎಂದು ಕೆಲವು ಭಾರತೀಯ ದಂಪತಿಗಳು ಡಾಕ್ಟರನ್ನು ಕೇಳಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಓದಿ ನನ್ನ ಹೊಟ್ಟೆ ಚುರುಕ್ ಎಂದಿತು. ತುಂಬದ ಮಗುವನ್ನು ತಾರೀಕು ನೋಡಿ ಹೊರಗೆ ತೆಗೆಯುವುದೇ? ಆದೇಶ ಜಾರಿಗೆ ಬರುವ ಮುಂಚೆಯೇ ಕೋರ್ಟುಗಳು ತಡೆದವು. ವ್ಯಾಜ್ಯ ಮೇಲಿನ ಕೋರ್ಟಿನವರೆಗೂ ಹೋಯಿತು. ಇವತ್ತು ಅದು ಎಲ್ಲಿದೆ ಎಂದು ನೋಡಿಕೊಳ್ಳದೆ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ ಸೇರಿಸಿ.

ಹೆರಿಗೆಗೆಂದೇ ಪ್ರವಾಸಿ ವೀಸಾದಲ್ಲಿ ಹೋಗುವುದಕ್ಕೆ 2020ರ ಜನವರಿಯಲ್ಲೇ ಅಡ್ಡ ಬಿದ್ದಿದೆ. ಮಗುವಿಗೆ ಪೌರತ್ವ ಸಿಗಲಿ ಎನ್ನುವುದೇ ಮುಖ್ಯ ಉದ್ದೇಶ ಎಂದು ಅಧಿಕಾರಿಗೆ ಅನ್ನಿಸಿದರೆ ವೀಸಾ ಕೊಡುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದೆ ಅಲ್ಲಿಗೆ ಕಾಲಿಡುವ ಆಸೆಯನ್ನೇ ಬಿಡಬೇಕಾಗಬಹುದು.

ದುಡ್ಡಿನ ವಿಷಯಕ್ಕೆ ಬಂದರೆ, ಅಲ್ಲಿ ಕಂಪನಿ ವಿಮೆ ಇರುವವರ ಬಸಿರು, ಹೆರಿಗೆ, ಬಾಣಂತನದ ಒಟ್ಟು ವೆಚ್ಚವೇ ಸರಾಸರಿ ಸುಮಾರು 19 ಸಾವಿರ ಡಾಲರ್ ಎಂದು ಕೆಲವು ವರ್ಷದ ಹಿಂದೆ ಲೆಕ್ಕ ಹಾಕಿದ್ದರು. ಅವರಿಗೆ ಹೆಚ್ಚಿನದನ್ನು ವಿಮೆ ಕಟ್ಟುತ್ತದೆ. ನೋಡಿಬರಲು ಹೋದ ನಮ್ಮವರು ಪೂರ್ತಿ ಕೈಯಿಂದಲೇ ಕಟ್ಟಬೇಕು. ನೋವು ಶುರುವಾಗಿ ತುರ್ತು ವಿಭಾಗಕ್ಕೆ ಹೋದರೆ ದುಡ್ಡಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ. 1986ರ ಕಾನೂನು ಅದು. ಆದರೆ ಕಳಿಸದೆ ಇರುವುದು ಬೇರೆ, ಬಿಲ್ಲು ಬರದೆ ಇರುವುದು ಬೇರೆ. ಇನ್ನೊಂದು ಉಪಯೋಗದ ಮಾತು. ವಿಮೆ ಇಲ್ಲದವರು ಮುಂಚೆಯೇ ದಿನ ಗೊತ್ತುಮಾಡಿಕೊಂಡ ಚಿಕಿತ್ಸೆಗೆ ಅಂದಾಜು ಖರ್ಚನ್ನು ಬರವಣಿಗೆಯಲ್ಲಿ ಕೇಳಬಹುದು, ಆಸ್ಪತ್ರೆಯವರು ಕೊಡಬೇಕು. 2022ರಿಂದ ಇದೆ ಈ ನಿಯಮ. ಕೈಯಿಂದ ಕಟ್ಟುವವರಿಗೆ ಎಷ್ಟು ಕಡಿಮೆ ಮಾಡುತ್ತೀರಿ ಎಂದೂ ಕೇಳಿ. ಗಾಂಧಿಬಜಾರಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವ ನಾವು ಅಲ್ಲಿ ಯಾಕೋ ಬಾಯಿ ಮುಚ್ಚಿಕೊಂಡು ಕೂರುತ್ತೇವೆ.

ಪೌರತ್ವ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಮಗುವಿನಿಂದ ಅಪ್ಪ ಅಮ್ಮನಿಗೂ ಗ್ರೀನ್ ಕಾರ್ಡ್ ಎಂದು ಲೆಕ್ಕ ಹಾಕುವವರಿದ್ದಾರೆ. ಆ ಅರ್ಜಿ ಹಾಕಲು ಮಗುವಿಗೆ 21 ವರ್ಷ ತುಂಬಬೇಕು. ಅಷ್ಟರಲ್ಲಿ ಅಪ್ಪನ ಹೋಂ ಲೋನೇ ತೀರಿರುತ್ತದೆ. ಮಗು ಎಲ್ಲೇ ಬೆಳೆದರೂ ದುಡಿಯಲು ಶುರುಮಾಡಿದ ಮೇಲೆ ಆ ದೇಶಕ್ಕೆ ತೆರಿಗೆ ಲೆಕ್ಕ ಒಪ್ಪಿಸಬೇಕು. ಅಮೆರಿಕದ ಪಾಸ್‌ಪೋರ್ಟ್ ಹಿಡಿದ ಕೂಸು ಅಜ್ಜಿ ಮನೆಗೆ ಬರಬೇಕಾದರೆ ಭಾರತದ ವೀಸಾ ಬೇಕು, ಇಲ್ಲವೇ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಬೇಕು. ಓಸಿಐ ಇದ್ದವರು ಇಲ್ಲಿ ಓಟು ಹಾಕುವಂತಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ಎರಡೂ ದೇಶದ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇವೆ ಎಂದರೆ ನಮ್ಮ ಕಾನೂನು ಒಪ್ಪುವುದಿಲ್ಲ.

ನಮ್ಮ ದೇಶವೂ ಏನು ಕಡಿಮೆ ಇಲ್ಲ. 1987ರ ಜುಲೈಗೆ ಮೊದಲು ಇಲ್ಲಿ ಹುಟ್ಟಿದವರು ಹೆಚ್ಚುಕಡಿಮೆ ಎಲ್ಲರೂ ಭಾರತದ ಪ್ರಜೆಗಳೇ. ಈಗ ಹಾಗಲ್ಲ. ತವರಿಗೆ ಬಾಣಂತನಕ್ಕೆಂದು ಬಂದ ಮಗಳು ಅಮೆರಿಕದ ಪ್ರಜೆ, ಅಳಿಯನೂ ಅಲ್ಲಿನ ಪ್ರಜೆ ಎಂದಾದರೆ, ಜಯನಗರದ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ ಮಗು ಭಾರತೀಯ ಅಲ್ಲ. ಅದಕ್ಕೆ ಅವರ ದೇಶದ ಪಾಸ್‌ಪೋರ್ಟ್ ಮಾಡಿಸಬೇಕು. ಆಮೇಲೆ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಓದಿಂದ ದೇಶ ಬಿಡಲು ಅನುಮತಿ ಪಡೆಯಬೇಕು. ಹಾಲು ಕುಡಿಯುವ ಕೂಸಿಗೂ ವಿದೇಶಿಯರ ಸಾಲು.

ವಿಮಾನದ ಮಾತು ಎರಡೇ ಎರಡು. 28 ವಾರ ದಾಟಿದರೆ ಹೆಚ್ಚಿನ ಕಂಪನಿಗಳು ಡಾಕ್ಟರ ಪತ್ರ ಕೇಳುತ್ತವೆ. 36 ದಾಟಿದರೆ ಸಾಮಾನ್ಯವಾಗಿ ಹತ್ತಿಸುವುದಿಲ್ಲ, ಅವಳಿ ಇದ್ದರೆ ಅದಕ್ಕೂ ಮುಂಚೆಯೇ. ಆದರೆ ಆ ಪತ್ರ ನೀವು ವಿಮಾನ ಹತ್ತಬಹುದು ಎನ್ನುತ್ತದೆ ಅಷ್ಟೇ. ಬಿಲ್ಲು ಯಾರು ಕಟ್ಟುತ್ತಾರೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಅದಕ್ಕೆ ಟಿಕೆಟ್ ಮಾಡಿಸುವ ಮುಂಚೆ ಪಾಲಿಸಿಯ ಕೊನೆಯ ಪುಟಗಳನ್ನು ತೆಗೆದು, ಬಸಿರು ಎನ್ನುವ ಪದ ಎಲ್ಲಿದೆ ಹುಡುಕಿ.

ರಾಯರ ಮೊಮ್ಮಗನಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಪಾಸ್‌ಪೋರ್ಟ್ ಬಂತು. ತಾಯಿ ಮಗು ಬೆಂಗಳೂರಿಗೆ ಬಂದರು. ಬಿಲ್ಲಿನ ಕಂತು ತೀರಲು ಎರಡು ವರ್ಷ ಹಿಡಿಯಿತು. ಮೊನ್ನೆ ಶಾಲೆಗೆ ಸೇರಿಸಲು ತಾತನೇ ಕರೆದುಕೊಂಡು ಹೋಗಿದ್ದರು. ಗುಮಾಸ್ತರು ಜನನ ಪ್ರಮಾಣಪತ್ರ ನೋಡಿ, "ಏನು ಸ್ವಾಮಿ, ಫಾರಿನ್ ಮಗುನಾ?" ಎಂದರಂತೆ. ರಾಯರು ಜೇಬಿನಿಂದ ಮೂರು ಸಿಂಹದ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. "ಹುಟ್ಟಿದ್ದು ಅಲ್ಲಿ, ಆದರೆ ನಮ್ಮವನೇ" ಎಂದರಂತೆ. ಮನೆಗೆ ಬರುವ ದಾರಿಯಲ್ಲಿ ಮೈಸೂರು ಪಾಕು ತಂದಿದ್ದರು. ಈ ಸಲ ನಾನು ಎರಡು ತುಂಡು ತಿಂದೆ.

ನಮಸ್ಕಾರ.