ಗದ್ದೆ ಇನ್ನೂ ಹಸಿರು, ಚರ್ಚಿನಲ್ಲಿ ಆಗಲೇ ತೆನೆಹಬ್ಬ

ನಮಸ್ಕಾರ. ಕೊಡಗಿನ ಹುತ್ತರಿಯ ಬಗ್ಗೆ ಮಾತನಾಡಿದ ಬಳಿಕ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳುಹಿಸಿದರು. ಹೊಸ ಭತ್ತದ ಕೊಯ್ಲಿನ ಹಬ್ಬವಾದ ಹುತ್ತರಿ ಬರುವುದು ನವೆಂಬರ್ ಇಲ್ಲವೇ ಡಿಸೆಂಬರಿನಲ್ಲಿ. ಹೀಗಿರುವಾಗ ವಿರಾಜಪೇಟೆಯ ಕೊಂಕಣಿ ಕ್ಯಾಥೋಲಿಕ್ ಮನೆಗಳಲ್ಲಿ ಸೆಪ್ಟೆಂಬರ್ 8ರಂದೇ ಹೊಸ ಅಕ್ಕಿಯ ಊಟ ಹೇಗೆ ನಡೆಯುತ್ತದೆ ಎಂಬುದು ಆ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಕೊಡಗಿನ ಕ್ರೈಸ್ತರ ಇತಿಹಾಸದ ಅರ್ಧ ಭಾಗವೇ ಕೈಗೆ ಸಿಗುತ್ತದೆ.

ಮೂಲ ಸಂಗತಿಗಳನ್ನು ಬೇಗ ಮುಗಿಸೋಣ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಅದಕ್ಕೂ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ ನಡೆಯುತ್ತದೆ, ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗಿಷ್ಟು ಎಂದು ಹಂಚುತ್ತಾರೆ.

(ತೆರೆಯ ಮೇಲೆ: ಬಾಳೆ ಎಲೆ, ಪಕ್ಕದಲ್ಲಿ ನಾಲ್ಕಾರು ತೆನೆ)

ಮುಂದಿನದೆಲ್ಲ ಮನೆಯೊಳಗೆ ನಡೆಯುವ ಕಾರ್ಯ. ತೆನೆಯಿಂದ ಕಾಳು ಬಿಡಿಸಿ, ಸಿಪ್ಪೆ ತೆಗೆದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ನಡೆಸಿ ಅದನ್ನು ಮೊದಲು ಹಂಚಿದ ಬಳಿಕವೇ ಬಾಳೆ ಎಲೆಯ ಮೇಲೆ ಹರಿವೆ ದಂಟು, ಕೆಸುವಿನ ಎಲೆ, ಬೆಂಡೆಕಾಯಿ, ಹೀರೆಕಾಯಿಗಳ ಊಟ ಆರಂಭವಾಗುತ್ತದೆ. ಊರಿಗೆ ಬರಲಾಗದ ಮಕ್ಕಳಿಗೆ ಒಂದೆರಡು ಕಾಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳುಹಿಸುವ ಮನೆಗಳೂ ಇವೆ. ಆ ದಿನ ಮೀನು, ಮಾಂಸ ಇಲ್ಲ. ಐದು ದಿನಗಳ ಹಿಂದೆ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಂದು, ಪಕ್ಕದ ಕೊಡವರ ಮನೆಯಲ್ಲಿ ಹಂದಿಮಾಂಸದ ಪಂದಿಕರಿ, ಅಕ್ಕಿಯ ಕಡಂಬಿಟ್ಟು ಉಂಡು ಬಂದವರು ಈಗ ಹೀರೆಕಾಯಿಯ ಮುಂದೆ ಗಂಭೀರವಾಗಿ ಕುಳಿತಿರುವುದನ್ನು ಊಹಿಸಿಕೊಳ್ಳಿ.

ಈಗ ಗದ್ದೆಗೆ ಬರೋಣ. ಕರಾವಳಿಯಲ್ಲಿ ಮುಂಗಾರಿನೊಂದಿಗೆ ಆರಂಭವಾಗುವ ಏಣೆಲು ಎಂಬ ಭತ್ತದ ಬೆಳೆ ಸೆಪ್ಟೆಂಬರಿನ ಹೊತ್ತಿಗೆ ತೆನೆಗಟ್ಟಿರುತ್ತದೆ. ಆದ್ದರಿಂದ ಅಲ್ಲಿ ಮರಿಯಮ್ಮನ ಹಬ್ಬವೂ ಹೊಸ ಫಸಲೂ ಸಹಜವಾಗಿಯೇ ಒಂದಾದವು. ಕೊಡಗಿನಲ್ಲಿ ನಾಟಿ ನಡೆಯುವುದೇ ಜುಲೈ, ಆಗಸ್ಟಿನಲ್ಲಿ. ಆ ಕೆಲಸ ಮುಗಿದುದರ ಹಬ್ಬವೇ ಕೈಲ್‌ಪೊಳ್ದ್. ಅಂದರೆ ಕೊಡವರು ನಾಟಿ ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ವಾರದಲ್ಲೇ ಚರ್ಚಿನಲ್ಲಿ ತೆನೆಗೆ ಆಶೀರ್ವಾದ! ಗದ್ದೆಯಲ್ಲಿ ತೆನೆಯಿಲ್ಲದ ಊರಿಗೆ ತೆನೆ ಬೇರೆ ಕಡೆಯಿಂದ ಬರಲೇಬೇಕು, ಅದಕ್ಕೆ ಕರಾವಳಿಯಿಂದ ಸಂಪಾಜೆ ಘಾಟಿ ಹತ್ತಿ ಬರುವ ನೆಂಟರ ಕೈಚೀಲಕ್ಕಿಂತ ಹತ್ತಿರದ ದಾರಿಯಿಲ್ಲ. ದುಬೈಗೆ ಹೋದ ಮಗ ಕೈಗಡಿಯಾರವನ್ನು ಊರಿನ ಸಮಯಕ್ಕೇ ಇಟ್ಟುಕೊಂಡಂತೆ, ಈ ಕುಟುಂಬಗಳು ಘಟ್ಟ ಹತ್ತಿದ ಮೇಲೂ ಕರಾವಳಿಯ ಪಂಚಾಂಗವನ್ನೇ ಉಳಿಸಿಕೊಂಡವು.

ಅವು ಘಟ್ಟ ಹತ್ತಿದ್ದಾದರೂ ಏಕೆ? 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯ ಅಂದಾಜುಗಳು 30 ಸಾವಿರದಿಂದ 80 ಸಾವಿರದವರೆಗೆ ಹರಡಿಕೊಂಡಿವೆ. ಅಲ್ಲಿಂದ ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಬಂದರು. ಸ್ವತಃ ಟಿಪ್ಪುವಿನ ಸೆರೆಯಿಂದ 1788ರಲ್ಲಿ ಪಾರಾಗಿದ್ದ ಕೊಡಗಿನ ಲಿಂಗಾಯತ ಅರಸ ದೊಡ್ಡವೀರರಾಜೇಂದ್ರ, ಹೀಗೆ ಬಂದವರಿಗೆ ಆಶ್ರಯವನ್ನೂ ಜಮೀನನ್ನೂ ಕೊಟ್ಟ. 1792ರಲ್ಲಿ ಅವನು ಕಟ್ಟಿಸಿದ ಊರು ವಿರಾಜಪೇಟೆ, ಅದೇ ವರ್ಷ ಆರಂಭವಾದದ್ದು ಅಲ್ಲಿನ ಸಂತ ಅನ್ನಮ್ಮ ದೇವಾಲಯ. ಗುರುಗಳಿಲ್ಲದ, ಚರ್ಚಿಲ್ಲದ ಸೆರೆಯ ವರ್ಷಗಳಲ್ಲಿ ನಂಬಿಕೆಗೆ ಉಳಿದಿದ್ದ ಜಾಗವೆಂದರೆ ಕುಟುಂಬ ಮಾತ್ರ. ಸಂಜೆಯ ಜಪಸರ ಮತ್ತು ಊಟಕ್ಕೆ ಮೊದಲಿನ ಪ್ರಾರ್ಥನೆ ಇಂದಿಗೂ ಆ ಮನೆಗಳಲ್ಲಿ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಆ ಅನುಭವವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ನನಗೆ ಅತ್ಯಂತ ಇಷ್ಟವಾದ ಸಂಗತಿ ಇನ್ನು ಮುಂದಿದೆ. ವಿಡಿಯೋ ಉದ್ದವಾದರೂ ಇದನ್ನು ಬಿಡಲಾರೆ. ಕೊಡಗಿನ ಕ್ಯಾಥೋಲಿಕರೆಲ್ಲ ಕೊಂಕಣಿಗರಲ್ಲ. ಕಾಫಿ ತೋಟಗಳಿಗೆ ದುಡಿಯಲು ಬಂದ ತಮಿಳರ ಮಕ್ಕಳು, ಮೊಮ್ಮಕ್ಕಳಿಗೆ ಸೆಪ್ಟೆಂಬರ್ 8 ಎಂದರೆ ವೇಲಾಂಕಣ್ಣಿ ಆರೋಗ್ಯಮಾತೆಯ ಹಬ್ಬ. ಆಗಸ್ಟ್ 29ರಂದು ಏರಿದ ಧ್ವಜ ಇಳಿಯುವ ದಿನ. ಕೇರಳದಿಂದ ಬಂದ ಮನೆಗಳಿಗೆ ಅದೇ ದಿನ, ಮೀನು ಮಾಂಸ ಬಿಟ್ಟು ಆಚರಿಸಿದ ಎಂಟು ದಿನಗಳ ನೋಂಬು ಮುಗಿಯುವ ದಿನ. ಒಂದೇ ಧರ್ಮಕೇಂದ್ರದ ಒಂದೇ ಬೆಂಚಿನ ಮೇಲೆ ಮೂರು ಹಬ್ಬಗಳು ಅಕ್ಕಪಕ್ಕ ಕುಳಿತಿರುತ್ತವೆ. ಬಲಿಪೂಜೆ ಮುಗಿಸಿ ಮನೆಗೆ ಹೋದರೆ ಕೊಂಕಣಿ ಅಡುಗೆಮನೆಯಲ್ಲಿ ಮಾಂಸ ನಿಷಿದ್ಧ, ಮಲಯಾಳಿ ಅಡುಗೆಮನೆಯಲ್ಲಿ ಅದು ಎಂಟು ದಿನಗಳ ಬಳಿಕ ಮತ್ತೆ ಒಲೆಯೇರಬಹುದಾದ ದಿನ. ಆ ದಿನ ಯಾರ ಮನೆಯ ಊಟದ ಕರೆಯನ್ನು ಒಪ್ಪಿಕೊಳ್ಳಬೇಕೆಂಬುದನ್ನು ನಿಮ್ಮ ವಿವೇಚನೆಗೇ ಬಿಡುತ್ತೇನೆ. ಆದರೂ ತೆನೆ ಹಂಚುವಾಗ ಸಾಲಿನಲ್ಲಿ ನಿಂತವರ ಮನೆಮಾತನ್ನು ಯಾರೂ ಕೇಳುವುದಿಲ್ಲ. ಸಮುದಾಯ ಎಂದರೇನು ಎಂದು ಪ್ರವಚನ ಕೊಡುವವರು ಆ ಸಾಲನ್ನು ಒಮ್ಮೆ ನೋಡಬೇಕು.

ಸಮಯ ಮುಗಿಯುತ್ತ ಬಂದಿದೆ, ಆದ್ದರಿಂದ ಪ್ರೊಟೆಸ್ಟೆಂಟರ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮಡಿಕೇರಿ ಕೋಟೆಯೊಳಗೆ ವೀರಭದ್ರ ಗುಡಿಯಿದ್ದ ಜಾಗದಲ್ಲಿ ಬ್ರಿಟಿಷರು ಕಟ್ಟಿ 1859ರಲ್ಲಿ ಪೂರೈಸಿದ ಸೇಂಟ್ ಮಾರ್ಕ್ಸ್ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಧಿಕಾರಿಗಳಿಗಾಗಿ ಕಟ್ಟಿದ ಚರ್ಚು ಅಧಿಕಾರಿಗಳು ಹೊರಟುಹೋದಾಗ ಖಾಲಿಯಾಯಿತು. ಅದರ ಬಣ್ಣದ ಗಾಜು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ತೆನೆ ಹಂಚಿಸಿಕೊಳ್ಳುವ ಮನೆಗಳಿರಲಿಲ್ಲ. ಇದಕ್ಕೆ ತದ್ವಿರುದ್ಧವಾದುದು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಆರಂಭಿಸಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಕೆಲಸ. 1850ರ ದಶಕದಲ್ಲಿ ಕೊಡಗಿಗೆ ಬಂದ ಅವರು, ಜಮೀನಿನ ಜೀತದಲ್ಲಿ ನರಳಿದ್ದ ದಲಿತ ಕುಟುಂಬಗಳಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟಿದರು. ಒಡೆಯನ ಹಂಗಿಲ್ಲದೆ ಮನೆ ಮಾಡಿಕೊಂಡಿರುವುದೇ ಆ ಕುಟುಂಬಗಳಿಗೆ ಊರೆದುರು ಕೊಟ್ಟ ಸಾಕ್ಷಿಯಾಗಿತ್ತು. ಆನಂದಪುರಕ್ಕೆ ಒಂದು ಪೂರ್ತಿ ವಿಡಿಯೋ ಬೇಕು, ಅದನ್ನು ಮುಂದಿನ ಬಾರಿ ಮಾಡೋಣ.